ಇಂಚರ: ಒಂದು ಅಪರೂಪದ ಹೆಣ್ಣುಹೆಸರಿನ ಅರ್ಥ, ಹುಟ್ಟು ಮತ್ತು ಬಳಕೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಹೆಣ್ಣುಮಗು ಹುಟ್ಟಿದಾಗ ಹೆಸರಿನ ಚರ್ಚೆ ಆರಂಭವಾಗುವುದು ಸಹಜ. ಹೆಸರು ಕನ್ನಡದ್ದಾಗಿರಬೇಕು, ನೆರೆಹೊರೆಯವರ ನಾಲಗೆಗೂ ಒಗ್ಗಬೇಕು, ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಡಬಾರದು, ಸಾಧ್ಯವಾದರೆ ಜನ್ಮನಕ್ಷತ್ರದ ಅಕ್ಷರಕ್ಕೂ ಹೊಂದಬೇಕು. ಈ ಅಪೇಕ್ಷೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಕೇಳಿಬರುವ ಹೆಸರು ‘ಇಂಚರ’. ಕರ್ನಾಟಕದಲ್ಲಿಯೇ ವಿರಳವಾದ ಈ ಹೆಸರು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಇನ್ನೂ ವಿರಳ. ಇದರ ಅರ್ಥ, ವ್ಯುತ್ಪತ್ತಿ ಮತ್ತು ಬಳಕೆಯ ಕುರಿತಾದ ವಿವರಗಳನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಅರ್ಥ ಮತ್ತು ವ್ಯುತ್ಪತ್ತಿ

‘ಇಂಚರ’ ಎಂದರೆ ಇನಿದಾದ ದನಿ, ಮಧುರವಾದ ಸ್ವರ. ವಿಶೇಷವಾಗಿ ಹಕ್ಕಿಗಳ, ಅದರಲ್ಲಿಯೂ ಕೋಗಿಲೆಯ ದನಿಯನ್ನು ವರ್ಣಿಸುವಲ್ಲಿ ಕವಿಗಳು ಈ ಪದವನ್ನು ಬಳಸುತ್ತ ಬಂದಿದ್ದಾರೆ. ಪದವನ್ನು ಬಿಡಿಸಿದರೆ ‘ಇನ್’ ಮತ್ತು ‘ಸರ’ ಎಂಬ ಎರಡು ಭಾಗಗಳು ದೊರೆಯುತ್ತವೆ. ಹಳಗನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆ ‘ಇನಿದು + ಸರ = ಇಂಚರ’ ಎಂಬ ಕರ್ಮಧಾರಯ ಸಮಾಸದ ಉದಾಹರಣೆ ನೆನಪಿರಬಹುದು. ‘ಸ’ಕಾರಕ್ಕೆ ‘ಚ’ಕಾರ ಬರುವ ಆದೇಶಸಂಧಿಗೂ ಇದೇ ಪದ ಉದಾಹರಣೆ; ‘ನುಣ್ + ಸರ = ನುಣ್ಚರ’ ಎಂಬುದು ಇದರ ಜೊತೆಗಾತಿ.

ಮೊದಲ ಭಾಗವಾದ ‘ಇನ್’ ಅಚ್ಚ ದ್ರಾವಿಡ ಧಾತು. ಕನ್ನಡದ ಇನಿದು, ಇನಿಯ, ಇಂಪು, ಇಂಗಡಲು (ಇನ್ + ಕಡಲು, ಅಂದರೆ ಹಾಲ್ಗಡಲು) ಎಂಬ ಪದಗಳೆಲ್ಲ ಇದರ ಬಳಗಕ್ಕೆ ಸೇರಿದವು. ತಮಿಳಿನ ‘ಇನಿಯ’, ‘ಇನ್ಬಂ’, ಸವಿಮಾತು ಎಂಬರ್ಥದ ‘ಇನ್‌ಸೊಲ್’, ತೆಲುಗಿನ ‘ಇಂಪು’ ಇವೂ ಅದೇ ಬೇರಿನ ಚಿಗುರುಗಳು. ಎರಡನೆಯ ಭಾಗವಾದ ‘ಸರ’ವು ಸಂಸ್ಕೃತದ ‘ಸ್ವರ’ ಶಬ್ದದ ತದ್ಭವ. ಕೊರಳಿಗೆ ಹಾಕುವ ಸರಕ್ಕೂ ಈ ಸರಕ್ಕೂ ಸಂಬಂಧವಿಲ್ಲ. ಅಂತೆಯೇ ‘ಇಂ’ ಮತ್ತು ‘ಚರ’ ಎಂದು ಬಿಡಿಸಿ ‘ಚಲಿಸುವವಳು’ ಎಂದು ಅರ್ಥ ಹೇಳುವುದೂ ಸಾಧುವಲ್ಲ.

ಕನ್ನಡದ ದೇಶ್ಯ ಪದವನ್ನು ಸಂಸ್ಕೃತದ ತತ್ಸಮದೊಡನೆ ಸಮಾಸ ಮಾಡಿದರೆ ಅದು ಅರಿಸಮಾಸವೆಂಬ ದೋಷವಾಗುತ್ತದೆ; ತದ್ಭವದೊಡನೆ ಮಾಡಿದರೆ ದೋಷವಿಲ್ಲ. ಆದ್ದರಿಂದಲೇ ‘ಇನ್‌ಸ್ವರ’ ಎಂಬ ಪದ ಹುಟ್ಟಲಿಲ್ಲ, ‘ಇಂಚರ’ ಹುಟ್ಟಿತು. ಸಂಸ್ಕೃತವನ್ನು ದೂರವಿಡದೆ, ಅದನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡು ತನ್ನದನ್ನಾಗಿ ಮಾಡಿಕೊಳ್ಳುವ ಕನ್ನಡದ ಗುಣ ಈ ಮೂರಕ್ಷರದ ಹೆಸರಿನಲ್ಲಿ ಅಡಗಿದೆ.

ಹೆಸರಾಗಿ ಬಂದ ಬಗೆ

ಪದ ಹಳೆಯದಾದರೂ ವ್ಯಕ್ತಿನಾಮವಾಗಿ ಇದು ಹೊಸದು. ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕಾಣುವ ಹೆಣ್ಣುಹೆಸರುಗಳ ಮಾದರಿ ಬೇರೆ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಹೆಸರಿನಲ್ಲಿ ತಾಯಿ ಎಂಬರ್ಥದ ‘ಅಬ್ಬೆ’ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿ ಹೊನ್ನಮ್ಮನ ಹೆಸರಿನಲ್ಲಿ ‘ಹೊನ್ನು’ ಮತ್ತು ‘ಅಮ್ಮ’ ಇವೆ. ಅಬ್ಬೆ, ಅಕ್ಕ, ಅವ್ವ, ಅಮ್ಮ ಎಂಬ ಗೌರವದ ಮಾತುಗಳಿಂದ ಮುಗಿಯುವುದು ಅಂದಿನ ರೂಢಿ. ಅನಂತರ ಸೀತಾ, ಲಕ್ಷ್ಮೀ, ಸರಸ್ವತೀ ಮೊದಲಾದ ದೇವತಾನಾಮಗಳೂ, ಆ ಬಳಿಕ ಸುಮನಾ, ಸುಧಾ, ವೀಣಾ ಮುಂತಾದ ಸಂಸ್ಕೃತ ಹೆಸರುಗಳೂ ಮನೆಮನೆಗಳಲ್ಲಿ ನೆಲೆನಿಂತವು.

ಕವಿತೆಯ ಪದವನ್ನೇ ಮಗುವಿಗೆ ಹೆಸರಾಗಿಸುವ ಮನೋಧರ್ಮ ಬಲಗೊಂಡದ್ದು ನವೋದಯ ಸಾಹಿತ್ಯದ ಪ್ರಭಾವದಿಂದ. ಕುವೆಂಪು ಅವರು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟದ್ದು ಪ್ರಸಿದ್ಧ. ಈ ಹೆಸರುಗಳು ಸಂಸ್ಕೃತದವೇ ಆದರೂ ಪ್ರಕೃತಿಯ ಸೊಬಗನ್ನು ಹೆಸರಿನಲ್ಲಿ ಹಿಡಿದಿಡುವ ರೀತಿ ಕನ್ನಡ ಓದುಗರಿಗೆ ಮೆಚ್ಚುಗೆಯಾಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಸುಗಮ ಸಂಗೀತವು ಕವಿಗಳ ಪದಗಳನ್ನು ಅಡುಗೆಮನೆಯವರೆಗೂ ತಂದಿತು. 1980ರ ದಶಕದ ಮೊದಲ ವರ್ಷಗಳಲ್ಲಿ ನಡೆದ ಗೋಕಾಕ್ ಚಳವಳಿಯು ಕನ್ನಡದ ಅಭಿಮಾನವನ್ನು ಬೀದಿಗೂ ಮನೆಗೂ ಹಬ್ಬಿಸಿತು. ಸಿರಿ, ಇಂಚರ ಮೊದಲಾದ ಹೆಸರುಗಳಿಗೆ ತೊಟ್ಟಿಲಲ್ಲಿ ಸ್ಥಾನ ದೊರೆತದ್ದು ಇಂಥ ವಾತಾವರಣದಲ್ಲಿ.

ಎಷ್ಟು ಜನಪ್ರಿಯ?

ಅಮೆರಿಕ, ಇಂಗ್ಲೆಂಡುಗಳಲ್ಲಿ ಆಯಾ ವರ್ಷ ಹುಟ್ಟಿದ ಮಕ್ಕಳ ಹೆಸರುಗಳ ಅಧಿಕೃತ ಪಟ್ಟಿ ಪ್ರಕಟವಾಗುತ್ತದೆ. ನಮ್ಮಲ್ಲಿ ಅಂಥ ವಾರ್ಷಿಕ ಪಟ್ಟಿಯ ಪದ್ಧತಿ ಇಲ್ಲ. ಆದ್ದರಿಂದ ಹೆಸರಿನ ಪ್ರಚಾರವನ್ನು ಅಂಕಿಗಳಲ್ಲಿ ಹೇಳುವಂತಿಲ್ಲ. ಬಳಕೆಯಿಂದ ತಿಳಿಯುವುದಿಷ್ಟು: ಅಜ್ಜಿಯರ ಪೀಳಿಗೆಯಲ್ಲಿ ಈ ಹೆಸರು ಕಾಣಸಿಗದು, ಮೊಮ್ಮಕ್ಕಳ ಪೀಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕೇಳಿಸುತ್ತದೆ. ಮನೆಗೆ, ಗಾಯನ ತಂಡಕ್ಕೆ, ಸ್ಮರಣಸಂಚಿಕೆಗೆ ಈ ಹೆಸರಿಡುವವರೂ ಉಂಟು.

ಈ ಹೆಸರಿನ ಪರವಾಗಿ ಇನ್ನೊಂದು ಕಾರಣವೂ ಇದೆ. ಕೃತ್ತಿಕಾ ನಕ್ಷತ್ರದ ನಾಲ್ಕು ಪಾದಗಳಿಗೆ ಅ, ಇ, ಉ, ಎ ಎಂಬ ಅಕ್ಷರಗಳನ್ನು ಹೇಳುತ್ತಾರೆ. ‘ಇ’ಕಾರವು ಎರಡನೆಯ ಪಾದದ್ದು, ರಾಶಿ ವೃಷಭ. ‘ಇ’ಕಾರದಿಂದ ಆರಂಭವಾಗುವ ಹೆಣ್ಣುಹೆಸರುಗಳು ನಮ್ಮಲ್ಲಿ ಹೆಚ್ಚಿಲ್ಲ. ಇಂದಿರಾ, ಇಂದುಮತಿ, ಇಳಾ ಎಂದು ನಾಲ್ಕಾರು ಹೇಳುವಷ್ಟರಲ್ಲಿ ಪಟ್ಟಿ ಮುಗಿಯುತ್ತ ಬರುತ್ತದೆ. ಅಕ್ಷರವನ್ನು ನೋಡಿ ಹೆಸರಿಡುವ ಮನೆಗಳಿಗೆ ‘ಇಂಚರ’ ಒಂದು ಒಳ್ಳೆಯ ಆಯ್ಕೆ.

ಇಂಚರವೋ ಇಂಚರಾವೋ?

ಸಂಸ್ಕೃತದ ಹೆಣ್ಣುಹೆಸರುಗಳು ಸಾಮಾನ್ಯವಾಗಿ ‘ಆ’ಕಾರ ಅಥವಾ ‘ಈ’ಕಾರದಲ್ಲಿ ಮುಗಿಯುತ್ತವೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಕೊನೆಯ ಅಕ್ಷರವನ್ನಲ್ಲ. ‘ಇಂಚರ’ ಎಂಬ ನಾಮಪದ ನಪುಂಸಕಲಿಂಗದ್ದು. ಹುಡುಗಿಗೆ ಹೆಸರಾದೊಡನೆ ‘ಇಂಚರ ಬಂದಳು’ ಎಂದಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಕೊನೆಗೆ ದೀರ್ಘವನ್ನು ಸೇರಿಸುವ ಅಗತ್ಯವಿಲ್ಲ. ಕೂಗಿ ಕರೆಯುವಾಗ ‘ಇಂಚರಾ’ ಎಂದು ಎಳೆಯುವುದು ಬೇರೆ ಮಾತು, ಅದು ಸಂಬೋಧನೆ.

ಹೊರನಾಡಿನ ನಾಲಗೆಯಲ್ಲಿ

ಇಲ್ಲಿ ಹೊರನಾಡ ಕನ್ನಡಿಗರ ಕಷ್ಟ ಆರಂಭವಾಗುತ್ತದೆ. ಹಿಂದಿ, ಮರಾಠಿಗಳಲ್ಲಿ ಪದದ ಕೊನೆಯ ‘ಅ’ಕಾರವನ್ನು ಬರೆದರೂ ಉಚ್ಚರಿಸುವುದಿಲ್ಲ. ದೇವನಾಗರಿಯಲ್ಲಿ ‘ಇಂಚರ’ ಎಂದು ಹ್ರಸ್ವವಾಗಿ ಬರೆದರೆ ದೆಹಲಿಯ ಶಿಕ್ಷಕರು ‘ಇಂಚರ್’ ಎಂದೇ ಓದುತ್ತಾರೆ. ಆದ್ದರಿಂದ ಆ ಲಿಪಿಯಲ್ಲಿ ದೀರ್ಘವನ್ನು ಸೇರಿಸುವುದೇ ಜಾಣತನ. ಮರಾಠಿಯ ‘ಚ’ಕಾರಕ್ಕೆ ಎರಡು ಉಚ್ಚಾರಗಳಿರುವುದರಿಂದ ‘ಚಾಂಗಲಾ’ ಎಂಬಲ್ಲಿ ಕೇಳಿಸುವ ‘ತ್ಸ’ಕಾರ ಈ ಹೆಸರಿನಲ್ಲಿಯೂ ಇಣುಕಬಹುದು.

ತಮಿಳಿನಲ್ಲಿ ಅನುನಾಸಿಕದ ಮುಂದಿನ ‘ಚ’ಕಾರವು ‘ಜ’ಕಾರವಾಗಿ ಕೇಳಿಸುತ್ತದೆ. ಚೆನ್ನೈಯಲ್ಲಿ ಹೆಸರು ‘ಇಂಜರಾ’ ಆಗುವುದು ಇದರಿಂದ. ಅಲ್ಲಿ ಶುಂಠಿಗೆ ‘ಇಂಜಿ’ ಎನ್ನುವುದರಿಂದ ಸಹಪಾಠಿಗಳ ತಮಾಷೆಗೂ ಎಡೆಯುಂಟು. ‘ಇನ್’ ಮತ್ತು ‘ಸರಾ’ ಎಂದು ಬಿಡಿಯಾಗಿ ಬರೆದರೆ ತಮಿಳರು ‘ಇನ್ಸರಾ’ ಎಂದು ಓದುತ್ತಾರೆ. ಹಾಗೆ ಓದಿದಾಗ ಹೆಸರು ಸಂಧಿಯಾಗುವ ಮೊದಲಿನ ತನ್ನ ಮೂಲರೂಪಕ್ಕೇ ಮರಳುತ್ತದೆ. ತೆಲುಗಿನಲ್ಲಿ ಪದಾಂತ್ಯದ ಸ್ವರ ಉಳಿಯುವುದರಿಂದ ಹೈದರಾಬಾದಿನಲ್ಲಿ ತೊಂದರೆ ಕಡಿಮೆ. ಇಂಗ್ಲಿಷಿನಲ್ಲಿ ಬರೆದಾಗ ಮೊದಲ ನಾಲ್ಕು ಅಕ್ಷರಗಳು ಅಳತೆಯ ಇಂಚನ್ನು ನೆನಪಿಸುತ್ತವೆ. ಆತುರದಲ್ಲಿರುವ ಗುಮಾಸ್ತರು ‘ಇಂದಿರಾ’ ಎಂದು ತಿದ್ದಿಬಿಡುವ ಸಂಭವವೂ ಇದೆ.

ದಾಖಲೆಗಳಲ್ಲಿ ವಹಿಸಬೇಕಾದ ಎಚ್ಚರ

ಬ್ಯಾಂಕಿನ ಉದ್ಯೋಗದಲ್ಲಿರುವವರಿಗೆ ಹೆಸರಿನ ಒಂದು ಅಕ್ಷರದ ಬೆಲೆ ಗೊತ್ತು. ಅಪರೂಪದ ಹೆಸರನ್ನು ಆರಿಸುವವರು ಕೆಳಗಿನ ಸಂಗತಿಗಳನ್ನು ಮನದಲ್ಲಿಡುವುದು ಒಳಿತು.

ಮೊದಲನೆಯದು ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದ ಅನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ ಮುಂತಾದುವುಗಳಲ್ಲಿ ಹುಟ್ಟಿದ ದಿನಾಂಕ, ಸ್ಥಳಗಳಿಗೆ ಈ ಪತ್ರವೇ ಆಧಾರ. ಹೆಸರು ನಿಶ್ಚಯವಾಗದಿದ್ದರೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಸಾಮಾನ್ಯವಾಗಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಲು ಅವಕಾಶವಿದೆ. ಆತುರದಲ್ಲಿ ತಪ್ಪಾಗಿ ಬರೆಸಿ ತಿದ್ದಿಸಲು ಅಲೆಯುವುದಕ್ಕಿಂತ ಇದು ಮೇಲು.

ಎರಡನೆಯದು ಸ್ಥಳೀಯ ಲಿಪಿ. ಆಧಾರ್ ಪತ್ರದಲ್ಲಿ ಹೆಸರು ಇಂಗ್ಲಿಷಿನಲ್ಲಿಯೂ ಪ್ರಾದೇಶಿಕ ಭಾಷೆಯಲ್ಲಿಯೂ ಅಚ್ಚಾಗುತ್ತದೆ. ಇಂಗ್ಲಿಷ್ ಸಾಲನ್ನಷ್ಟೇ ನೋಡಿ ಸಹಿ ಹಾಕದೆ ಇನ್ನೊಂದು ಸಾಲನ್ನೂ ಓದಬೇಕು. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಬೇಕು.

ಮೂರನೆಯದು ಹಣಕಾಸಿನ ದಾಖಲೆಗಳು. 2015ರ ಜನವರಿಯಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷ ತುಂಬುವುದರೊಳಗೆ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯಬೇಕು. ಅದರ ಅವಧಿ 21 ವರ್ಷ. ಖಾತೆ ತೆರೆಯಲು ಜನನ ಪ್ರಮಾಣಪತ್ರ ಬೇಕು. ಅಂದು ಬರೆಸಿದ ಕಾಗುಣಿತವೇ ಹಣ ಕೈಸೇರುವ ದಿನದವರೆಗೂ ಹಿಂಬಾಲಿಸುತ್ತದೆ.

ನಾಲ್ಕನೆಯದು ಕುಲನಾಮ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಮುಂಬಯಿಯ ನಮೂನೆಗಳು ಸುಲಭ. ಹಳೆಯ ಮೈಸೂರು ಸೀಮೆಯವರು ಊರಿನ ಮತ್ತು ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಬರೆದು ರೂಢಿ. ಮಗುವಿಗೆ ಯಾವುದನ್ನು ಕುಲನಾಮವಾಗಿ ಬರೆಸಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಪ್ರಕಟಿಸಿದ್ದು ಹಲವು ಕುಟುಂಬಗಳಿಗೆ ಪಾಠವಾಯಿತು.

ಇಡಬೇಕೆ, ಬೇಡವೆ?

ಇಷ್ಟೊಂದು ತೊಡಕುಗಳಿದ್ದರೆ ಎಲ್ಲರಿಗೂ ಪರಿಚಿತವಾದ ಹೆಸರೇ ಸಾಲದೆ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ದಿನಕ್ಕೆ ಹತ್ತು ಬಾರಿ ಹೆಸರನ್ನು ತಿದ್ದಿ ಹೇಳಬೇಕಾದದ್ದು ಮಗು, ಹೆಸರಿಟ್ಟ ಹಿರಿಯರಲ್ಲ. ನಮ್ಮ ಭಾಷಾಭಿಮಾನದ ಭಾರವನ್ನು ಎಳೆಯ ಹೆಗಲಿಗೆ ಹೊರಿಸುವಾಗ ಯೋಚಿಸಬೇಕಾದದ್ದು ನ್ಯಾಯ.

ಇನ್ನೊಂದು ಮುಖವನ್ನೂ ನೋಡಬೇಕು. ಹೊರನಾಡಿಗೆ ಬಂದ ಮೊದಲ ಪೀಳಿಗೆ ಕನ್ನಡವನ್ನು ಓದಿ ಬರೆಯಿತು. ಎರಡನೆಯದು ಮನೆಯಲ್ಲಿ ಮಾತನಾಡಿತು. ಮೂರನೆಯದಕ್ಕೆ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಆ ಮಗುವಿಗೆ ಜೀವನವಿಡೀ ಜೊತೆಗಿರುವ ಕನ್ನಡ ಪದ ಬಹುಶಃ ಒಂದೇ; ಅದು ಅವಳ ಹೆಸರು. ಆದರೆ ಹೆಸರನ್ನು ಇಟ್ಟರೆ ಸಾಲದು, ಅದರ ಅರ್ಥವನ್ನೂ ಒಪ್ಪಿಸಬೇಕು. ನಿನ್ನ ಹೆಸರಿಗೆ ಅರ್ಥವೇನೆಂದು ಯಾರಾದರೂ ಕೇಳಿದಾಗ ‘ಕೋಗಿಲೆಯ ದನಿಯಂಥ ಇನಿದನಿ’ ಎಂದು ಅವಳು ತಡವರಿಸದೆ ಹೇಳುವಂತಾದರೆ ಹೆಸರು ಭಾರವೆನಿಸದು. ಐದನೆಯ ವಯಸ್ಸಿಗೆ ತನ್ನ ಹೆಸರಿನ ಮೂರು ಅಕ್ಷರಗಳನ್ನಾದರೂ ಕನ್ನಡ ಲಿಪಿಯಲ್ಲಿ ಬರೆಯಲು ಕಲಿಸಿದರೆ ಉಳಿದ ಅಕ್ಷರಗಳಿಗೂ ಬಾಗಿಲು ತೆರೆದಂತೆ.

ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಬೆರಳಿನಿಂದ ಹೆಸರನ್ನು ಬರೆಯುವ ಸಂಪ್ರದಾಯ ಹೊರನಾಡಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುವ ಸೋದರತ್ತೆಗೆ ಕನ್ನಡ ಬರೆಯಲು ಬರುತ್ತಿದ್ದರೆ ಆ ಅಕ್ಕಿಯ ಮೇಲಿನ ಅಕ್ಷರಗಳನ್ನು ಅವಳಿಂದಲೇ ಬರೆಸಬಹುದು. ಬರದಿದ್ದರೆ ಅಂದೇ ಕಲಿಯಲು ಅದೊಂದು ಒಳ್ಳೆಯ ನೆಪ.