ಮಲಪ್ರಭೆಯ ಕಣಿವೆಯಲ್ಲಿ ಸೈಕಲ್

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಇನ್ನೊಂದು ಹದಿಮೂರು-ಹದಿನಾಲ್ಕು. ಕಾರಿನಲ್ಲಿ ಬಂದವರಿಗೆ ಇವು ಮೂರು ಬೇರೆ ಊರು. ಸೈಕಲ್ ತುಳಿಯುವವರಿಗೆ ಒಂದೇ ಕಣಿವೆ: ಜೋಳದ ಹೊಲ ದಾಟಿದರೂ ಕೆಂಪು ಮರಳುಗಲ್ಲಿನ ಗುಡ್ಡಗಳು ಕಣ್ಣಿಂದ ಮರೆಯಾಗುವುದಿಲ್ಲ. ಚಾಲುಕ್ಯರು ಗುಡಿ ಕಟ್ಟಿದ್ದು ಈ ಕಲ್ಲಿನಿಂದಲೇ.

ನಡುವೆ ಮಹಾಕೂಟಕ್ಕೆ ಹೊರಳಬೇಕು. ಮಂಗಲೇಶನ ಕಾಲದ ಶಾಸನಕಂಬ ಇಲ್ಲಿಯದು. ಈಗಿರುವುದು ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಂನಲ್ಲಿ. ಮುಂದೆ, ಮಲಪ್ರಭೆ ಉತ್ತರಕ್ಕೆ ಹರಿಯುವ ಪಟ್ಟದಕಲ್ಲು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಶಿಲ್ಪಿಯ ಹೆಸರೂ ಇದೆ, ಗುಂಡ ಅನಿವಾರಿತಾಚಾರಿ. ನನಗೆ ಕಂಚಿಯ ಗೆಲುವಿಗಿಂತ ಈ ಹೆಸರೇ ದೊಡ್ಡದು.

ಐಹೊಳೆಯಲ್ಲಿ ಸೈಕಲ್ಲಿನಿಂದ ಇಳಿದು ಓಣಿಗಳಲ್ಲಿ ನಡೆಯಿರಿ. ಲಾಡಖಾನ ಗುಡಿಯ ಹೆಸರು ದೇವರದಲ್ಲ, ಅದರೊಳಗೆ ವಾಸವಾಗಿದ್ದವನದು. ಗುಡಿಗಳಿಗೆ ಅಂಟಿಕೊಂಡ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಬಹುಕಾಲದಿಂದ ನಡೆದಿದೆ. ಸ್ಮಾರಕಕ್ಕೆ ಉಸಿರಾಡಲು ಜಾಗ ಬೇಕು, ಒಪ್ಪೋಣ. ಆದರೆ ಮನೆಗಳು ಹೋದಮೇಲೆ ಲಾಡಖಾನನ ಕತೆ ಹೇಳಲು ಉಳಿಯುವುದು ಒಂದು ಫಲಕವಷ್ಟೇ.

ಕೊನೆಗೆ ಮೇಗುತಿ ಗುಡ್ಡ ಹತ್ತಿ. ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ, ಕ್ರಿ.ಶ. 634ರದು, ಬಸದಿಯ ಗೋಡೆಯಲ್ಲಿ ಇಂದಿಗೂ ಇದೆ. ಕೆಳಗೆ ಗುಡಿ, ಮನೆ ಒಂದರೊಳಗೊಂದು ಸೇರಿದ ಊರು.