ತಿಂದವರ ಹೆಸರು, ಬೇಯಿಸಿದವರ ಕೈ

ಅಡುಗೆಗಳಿಗೆ ಅಂಟಿಕೊಂಡ ಹೆಸರುಗಳನ್ನು ಗಮನಿಸುತ್ತ ಹೋದರೆ ನಮಗೆ ಒಂದು ಸಂಗತಿ ಹೊಳೆಯುತ್ತದೆ. ಒಲೆಯ ಮುಂದೆ ನಿಂತವರಿಗಿಂತ ಮೇಜಿನ ಮುಂದೆ ಕುಳಿತವರನ್ನೇ ಚರಿತ್ರೆ ಹೆಚ್ಚು ನೆನಪಿಟ್ಟುಕೊಂಡಿದೆ. ಅಮೆರಿಕದ 'ಎಗ್ಸ್ ಬೆನೆಡಿಕ್ಟ್' ಇದಕ್ಕೊಂದು ಸಾಕ್ಷಿ.

ತಿನಿಸು ಸರಳವಾಗಿಯೇ ಕಾಣುತ್ತದೆ. ಮಫಿನ್ ಎಂಬ ಗುಂಡಗಿನ ಬ್ರೆಡ್ಡನ್ನು ಅಡ್ಡಕ್ಕೆ ಸೀಳಿ ಕಾಯಿಸಿ, ಮೇಲೆ ಹ್ಯಾಮ್, ಅದರ ಮೇಲೆ ಚಿಪ್ಪೊಡೆದು ಬಿಸಿನೀರಿನಲ್ಲಿ ಬೇಯಿಸಿದ ಮೊಟ್ಟೆ, ಎಲ್ಲಕ್ಕೂ ಮೇಲೆ ಹಾಲಂಡೇಜ್ ಎಂಬ ಬೆಣ್ಣೆಯ ಸಾಸ್. ಹ್ಯಾಮ್ ಎಂದರೆ ಹಂದಿಮಾಂಸ. ನಮ್ಮ ದಸ್ತರ್‌ಖಾನಿಗೆ ಅದು ಬರುವಂತಿಲ್ಲ. ಆದರೆ ಅದರ ಜಾಗದಲ್ಲಿ ಪಾಲಕ್ ಸೊಪ್ಪು ಹಾಕುವ 'ಫ್ಲಾರೆಂಟೀನ್' ಪದ್ಧತಿಯೂ ಇರುವುದರಿಂದ ನಾವು ಹೊರಗುಳಿಯಬೇಕಾಗಿಲ್ಲ.

ಈ ಬೆನೆಡಿಕ್ಟ್ ಯಾರು? 1942ರ ಡಿಸೆಂಬರಿನಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆ ಲೆಮ್ಯುಯೆಲ್ ಬೆನೆಡಿಕ್ಟ್ ಎಂಬ ಷೇರು ದಲ್ಲಾಳಿಯ ನೆನಪನ್ನು ಪ್ರಕಟಿಸಿತು. 1894ರ ಒಂದು ಬೆಳಿಗ್ಗೆ, ಹಿಂದಿನ ರಾತ್ರಿಯ ಅಮಲು ಇಳಿಯದೆ ವಾಲ್ಡಾರ್ಫ್ ಹೋಟೆಲಿಗೆ ಹೋಗಿ, ಟೋಸ್ಟ್, ಮೊಟ್ಟೆ, ಬೇಕನ್ ಮತ್ತು ಹಾಲಂಡೇಜ್ ಕೇಳಿದ್ದಾಗಿ ಅವರು ಹೇಳಿಕೊಂಡರು. ಅದನ್ನು ಮೆಚ್ಚಿದ ಆಸ್ಕರ್ ಚರ್ಕಿ, ಟೋಸ್ಟಿಗೆ ಬದಲು ಮಫಿನ್, ಬೇಕನ್ನಿಗೆ ಬದಲು ಹ್ಯಾಮ್ ಇರಿಸಿ ಹೋಟೆಲಿನ ಪಟ್ಟಿಗೆ ಸೇರಿಸಿದರಂತೆ. ಆಸ್ಕರ್ ಊಟದ ಸಭಾಂಗಣದ ಮೇಲ್ವಿಚಾರಕರು, ಬಾಣಸಿಗರಲ್ಲ. ಅಂದು ಒಲೆಯ ಬಳಿ ಇದ್ದವರು ಕಥೆಯಲ್ಲಿ ಎಲ್ಲಿಯೂ ಇಲ್ಲ.

1967ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಕ್ರೇಗ್ ಕ್ಲೇಬೋರ್ನ್ ಅವರ ಅಂಕಣದಲ್ಲಿ ಈ ಗೌರವ ಬ್ಯಾಂಕರ್ ಇ. ಸಿ. ಬೆನೆಡಿಕ್ಟ್ ಅವರ ಪಾಲಾಯಿತು. ಅದಕ್ಕೆ ಉತ್ತರವಾಗಿ, ಇದು ಡೆಲ್ಮೊನಿಕೋಸ್ ಹೋಟೆಲಿನ ಗ್ರಾಹಕಿ ಶ್ರೀಮತಿ ಲೆಗ್ರ್ಯಾಂಡ್ ಬೆನೆಡಿಕ್ಟ್ ಅವರ ಬಯಕೆಯಿಂದ ಹುಟ್ಟಿದ್ದೆಂದು ಮತ್ತೊಂದು ಪತ್ರ ಬಂತು. ಮೂವರು ಹಕ್ಕುದಾರರು, ಮೂವರೂ ಉಂಡವರೇ!

ಆದರೆ ಅಚ್ಚಾದ ಸಾಕ್ಷ್ಯವೊಂದಿದೆ. ಡೆಲ್ಮೊನಿಕೋಸ್‌ನ ಮುಖ್ಯ ಬಾಣಸಿಗ ಚಾರ್ಲ್ಸ್ ರಾನ್‌ಹೋಫರ್ 1894ರಲ್ಲಿ 'ದಿ ಎಪಿಕ್ಯೂರಿಯನ್' ಎಂಬ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಹೊರತಂದರು. ಮಫಿನ್, ಹ್ಯಾಮ್, ಮೊಟ್ಟೆ, ಹಾಲಂಡೇಜ್ ನಾಲ್ಕೂ ಅದರಲ್ಲಿವೆ. ಹೆಸರು ಮಾತ್ರ 'ಬೆನೆಡಿಕ್' ಎಂದಿದೆ. ಅಷ್ಟು ದೊಡ್ಡ ಗ್ರಂಥ ಒಂದು ಬೆಳಗಿನ ಅಮಲಿನಿಂದ ಹುಟ್ಟುವಂಥದ್ದಲ್ಲ. ಬರೆದಿಟ್ಟ ಬಾಣಸಿಗರೂ ತಿನಿಸಿಗೆ ತಮ್ಮ ಹೆಸರಿಡಲಿಲ್ಲ ಎಂಬುದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ಆ ಕೈಗಳ ಕಷ್ಟ ಅರಿಯಲು ನಾವೊಮ್ಮೆ ಮನೆಯಲ್ಲಿ ಮಾಡಿ ನೋಡಿದೆವು. ಮೊಟ್ಟೆ ತಾಜಾ ಇರಬೇಕು; ಹಳತಾದರೆ ಬಿಳಿಭಾಗ ನೀರಿನಲ್ಲಿ ಹರಡಿಬಿಡುತ್ತದೆ. ಕುದಿಯಲು ಸ್ವಲ್ಪ ಮುಂಚಿನ ನೀರಿಗೆ ತುಸು ವಿನಿಗರ್ ಹಾಕಿ ಮೂರು ನಾಲ್ಕು ನಿಮಿಷ ಬೇಯಿಸಿದರೆ ಸಾಕು. ಕಠಿಣವಾದದ್ದು ಸಾಸ್. ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಬೆಣ್ಣೆಯನ್ನೂ ನಿಂಬೆರಸವನ್ನೂ ಹಿಡಿದು ಕೂಡಿಸುತ್ತದೆ. ಬೆಣ್ಣೆಯನ್ನು ಅವಸರದಲ್ಲಿ ಸುರಿದರೆ, ಇಲ್ಲವೆ ಉರಿ ಹೆಚ್ಚಾದರೆ, ಹಾಲು ಒಡೆಯುವಂತೆ ಅದೂ ಒಡೆಯುತ್ತದೆ. ನಮ್ಮದು ಮೊದಲ ಸಲ ಒಡೆಯಿತು.

ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮರುದಿನ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಬಳಸಬಹುದು. ಸಾಸ್‌ಗೆ ಆ ಸಹನೆಯಿಲ್ಲ. ಅರೆಬೆಂದ ಹಳದಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಉಳಿದಿರಬಹುದು. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಅಂಥವು ಬೇಗ ಬೆಳೆಯುತ್ತವೆ. ಆದ್ದರಿಂದ ಅದನ್ನು ಆಗಲೇ ಮಾಡಿ ಆಗಲೇ ಬಡಿಸಬೇಕು, ಎರಡು ಗಂಟೆ ಮೀರಿದರೆ ಚೆಲ್ಲಬೇಕು. ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಇಂಥ ಅರೆಬೆಂದದ್ದು ಬೇಡ.

ಅಂದರೆ ಒಬ್ಬರು ತಡವಾಗಿ ಎದ್ದು ಆರಾಮವಾಗಿ ತಿನ್ನಲು ಇನ್ನೊಬ್ಬರು ಒಲೆ ಬಿಟ್ಟು ಕದಲದೆ ನಿಲ್ಲಬೇಕು. ನ್ಯೂಯಾರ್ಕಿನ ಹೋಟೆಲಿನ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಈದ್ ದಿನ ನಸುಕಿಗೇ ಎದ್ದು ಶೀರ್‌ಖುರ್ಮಾ ಕಲಕುವ ಅಮ್ಮಿಯ ಹೆಸರನ್ನು ಯಾವ ಪಾತ್ರೆಯ ಮೇಲೆ ಬರೆದಿದ್ದೇವೆ? ತಟ್ಟೆ ಖಾಲಿಯಾದ ಮೇಲೆ, ಮಾಡಿದ್ದು ಯಾರು ಎಂದು ಕೇಳುವ ಅಭ್ಯಾಸವನ್ನಾದರೂ ನಾವು ಮಕ್ಕಳಿಗೆ ಕಲಿಸೋಣ.