ಟರ್ಮಿನಲ್ ತನ್ನ ಹೆಸರು ತಪ್ಪು ಹೇಳಿದಾಗ

ಹಳೆಯ ಯುನಿಕ್ಸ್ ಸರ್ವರ್ ಒಂದಕ್ಕೆ ಲಾಗಿನ್ ಆಗಿ ವಿಐ ಎಡಿಟರಿನಲ್ಲಿ ಕಡತ ತೆರೆದಿದ್ದೀರಿ. ಬರೆಯುತ್ತಿರುವಾಗ ಮೇಲಿನ ಸಾಲಿಗೆ ಹೋಗಲೆಂದು ಮೇಲ್ಬಾಣದ ಕೀಲಿ ಒತ್ತುತ್ತೀರಿ. ಕರ್ಸರ್ ಮೇಲೆ ಹೋಗುವುದಿಲ್ಲ. ಹೊಸ ಸಾಲೊಂದು ಹುಟ್ಟಿ, ಅದರಲ್ಲಿ ದೊಡ್ಡದೊಂದು ‘ಎ’ ಬಂದು ಕೂತಿರುತ್ತದೆ. ಯುನಿಕ್ಸ್ ಬಳಸುವ ಬಹಳ ಮಂದಿಗೆ ಒಮ್ಮೆಯಾದರೂ ಎದುರಾದ ತೊಂದರೆ ಇದು. ಹೆಚ್ಚಿನವರು ಎಡಿಟರ್ ಕೆಟ್ಟಿದೆ ಎಂದುಕೊಂಡು ಮುಂದೆ ಹೋಗುತ್ತಾರೆ.

ಎಡಿಟರ್ ಕೆಟ್ಟಿಲ್ಲ. ಬಾಣದ ಕೀಲಿ ಒತ್ತಿದಾಗ ಟರ್ಮಿನಲ್ಲಿನಿಂದ ಹೊರಡುವುದು ಮೂರು ಸಂಕೇತ: ಎಸ್ಕೇಪ್, ದೊಡ್ಡ ‘ಓ’, ದೊಡ್ಡ ‘ಎ’. ಈ ಮೂರೂ ಸೇರಿದರೆ ಮೇಲ್ಬಾಣ ಎಂದು ಗೊತ್ತಿಲ್ಲದ ಎಡಿಟರ್ ಅವನ್ನು ಬಿಡಿಬಿಡಿಯಾಗಿ ಓದುತ್ತದೆ. ಎಸ್ಕೇಪ್ ಕಂಡು ಬರೆಯುವ ಸ್ಥಿತಿಯಿಂದ ಹೊರಬರುತ್ತದೆ, ‘ಓ’ ಕಂಡು ಮೇಲೊಂದು ಸಾಲು ತೆರೆಯುತ್ತದೆ, ಅಲ್ಲಿ ‘ಎ’ ಬರೆಯುತ್ತದೆ. ಹೇಳಿದ್ದನ್ನು ಅದು ಅಕ್ಷರಶಃ ಮಾಡಿದೆ. ತಾನು ಯಾವ ಟರ್ಮಿನಲ್ಲಿನ ಜೊತೆ ಮಾತಾಡುತ್ತಿದ್ದೇನೆ ಎಂಬುದಷ್ಟೇ ಅದಕ್ಕೆ ತಿಳಿದಿಲ್ಲ. ಅರ್ಧ ಶತಮಾನದಿಂದ ಯುನಿಕ್ಸ್ ಎಡಿಟರುಗಳನ್ನು ಕಾಡುತ್ತಿರುವ ತೊಂದರೆಗಳಲ್ಲಿ ದೊಡ್ಡ ಪಾಲು ಈ ಒಂದು ಅಜ್ಞಾನದಿಂದ ಬಂದದ್ದು.

1969ರಲ್ಲಿ ಯುನಿಕ್ಸ್ ಹುಟ್ಟಿದಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕೆಲಸ ಮಾಡಿದ್ದು ಟೆಲಿಟೈಪ್ ಯಂತ್ರಗಳಲ್ಲಿ. ಕೀಲಿಮಣೆಯ ಹಿಂದೆ ಕಾಗದದ ಸುರುಳಿ. ಟೆಲಿಟೈಪ್ 33 ಮಾದರಿ ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕುತ್ತಿತ್ತು. ಒಮ್ಮೆ ಅಚ್ಚಾದ ಸಾಲಿಗೆ ಮರಳಿ ಹೋಗಿ ತಿದ್ದುವಂತಿಲ್ಲ. ಹಾಗಾಗಿ ಥಾಂಪ್ಸನ್ ಬರೆದ ‘ಇಡಿ’ ಎಡಿಟರ್ ಒಂದೊಂದು ಸಾಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತಿತ್ತು.

ಗಾಜಿನ ಪರದೆ ಬಂದಾಗ ತೊಡಕು ಶುರುವಾಯಿತು. 1970ರ ದಶಕದ ನಡುವೆ ಅಮೆರಿಕದ ಹತ್ತಾರು ಕಂಪನಿಗಳು ವೀಡಿಯೊ ಟರ್ಮಿನಲ್ ಮಾರತೊಡಗಿದವು. ಕರ್ಸರನ್ನು ಪರದೆಯ ಒಂದು ಜಾಗಕ್ಕೆ ಕಳಿಸಲು ಪ್ರತಿಯೊಂದರದೂ ಬೇರೆ ಬೇರೆ ಸಂಕೇತ. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎಗೆ ಎಸ್ಕೇಪ್ ಮತ್ತು ಸಮ ಚಿಹ್ನೆ ಕಳಿಸಿ, ಆಮೇಲೆ ಸಾಲಿನ ಹಾಗೂ ಕಂಬದ ಸಂಖ್ಯೆಗಳಿಗೆ 32 ಕೂಡಿಸಿ ಬರುವ ಅಕ್ಷರಗಳನ್ನು ಕಳಿಸಬೇಕು. ಡಿಜಿಟಲ್ ಕಂಪನಿಯ ವಿಟಿ52ಕ್ಕೂ ಅದೇ ಲೆಕ್ಕ, ಆದರೆ ಸಮ ಚಿಹ್ನೆಯ ಜಾಗದಲ್ಲಿ ‘ವೈ’. ಅದೇ ಕಂಪನಿ 1978ರಲ್ಲಿ ತಂದ ವಿಟಿ100ಕ್ಕೆ ಎಸ್ಕೇಪ್ ಮತ್ತು ಚೌಕ ಆವರಣದ ನಂತರ ಸಂಖ್ಯೆಗಳನ್ನು ಅಂಕಿಗಳಲ್ಲೇ ಬರೆದು ಕೊನೆಗೆ ‘ಎಚ್’ ಹಾಕಬೇಕು. ಒಂದರ ಸಂಕೇತ ಇನ್ನೊಂದಕ್ಕೆ ಹೋದರೆ ಪರದೆಯ ತುಂಬ ಕಸ.

ಬರ್ಕ್ಲಿಯಲ್ಲಿ ಓದುತ್ತಿದ್ದ ಬಿಲ್ ಜಾಯ್ ಇದನ್ನು ಎದುರಿಸಬೇಕಾಯಿತು. 1976ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೂರಿಸ್ ತಾವು ಬರೆದ ‘ಎಮ್’ ಎಡಿಟರನ್ನು ಬರ್ಕ್ಲಿಗೆ ತಂದು ತೋರಿಸಿದರು. ಅದರಿಂದ ಪ್ರೇರಿತರಾದ ಜಾಯ್ ಮತ್ತು ಚಕ್ ಹೇಲಿ ‘ಎಕ್ಸ್’ ಎಡಿಟರಿನ ಕೆಲಸಕ್ಕೆ ಇಳಿದರು. ಅದಕ್ಕೆ ಜಾಯ್ ಕೊಟ್ಟ ಪರದೆಯ ಮುಖವೇ ವಿಐ. ಅವರ ಮುಂದಿದ್ದದ್ದು ಎಡಿಎಂ-3ಎ. ಅದರ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣದ ಗುರುತು ಅಚ್ಚಾಗಿತ್ತು. ಇವತ್ತಿಗೂ ವಿಐನ ಉತ್ತರಾಧಿಕಾರಿಯಾದ ವಿಮ್ ಬಳಸುವವರ ಬೆರಳು ಆ ನಾಲ್ಕು ಕೀಲಿಗಳ ಮೇಲೆ ಓಡಾಡುವುದು ಅದರಿಂದ. ಆದರೆ ವಿಶ್ವವಿದ್ಯಾಲಯದಲ್ಲಿ ಬೇರೆ ಕಂಪನಿಗಳ ಟರ್ಮಿನಲ್ಲುಗಳೂ ಇದ್ದವು. ಎಲ್ಲದರ ಸಂಕೇತಗಳನ್ನೂ ಎಡಿಟರಿನೊಳಗೇ ತುರುಕುವ ಬದಲು ಜಾಯ್ ಅವನ್ನು ಹೊರಗಿನ ಒಂದು ಕಡತದಲ್ಲಿ ಪಟ್ಟಿ ಮಾಡಿದರು. ಅದು ಟರ್ಮ್‌ಕ್ಯಾಪ್. ಯಾವ ಟರ್ಮಿನಲ್ಲಿಗೆ ಎಷ್ಟು ಸಾಲು, ಎಷ್ಟು ಕಂಬ, ಪರದೆ ಒರೆಸಲು ಏನು ಕಳಿಸಬೇಕು, ಕರ್ಸರ್ ಸರಿಸಲು ಏನು ಕಳಿಸಬೇಕು ಎಂಬುದೆಲ್ಲ ಎರಡೆರಡು ಅಕ್ಷರದ ಸಂಕ್ಷಿಪ್ತ ಹೆಸರುಗಳಲ್ಲಿ. ಕೆಲವು ಯಂತ್ರ ಪರದೆ ಒರೆಸಲು ಹೊತ್ತು ತೆಗೆದುಕೊಳ್ಳುತ್ತಿದ್ದವು. ಅಂಥ ಕಡೆ ಎಷ್ಟು ಮಿಲಿಸೆಕೆಂಡ್ ಕಾಯಬೇಕೆಂಬುದನ್ನೂ ಬರೆದಿಡಲಾಗುತ್ತಿತ್ತು. ಅದು ತಪ್ಪಿದರೆ ಮುಂದಿನ ಅಕ್ಷರಗಳು ಕಳೆದುಹೋಗುತ್ತಿದ್ದವು.

ಈ ಕ್ಷೇತ್ರದ ಅತಿ ಮುಖ್ಯ ತೀರ್ಮಾನ ಇದೇ ಎಂದು ನನ್ನ ಅಭಿಪ್ರಾಯ. ಎಡಿಟರ್ ಬೇರೆ, ಟರ್ಮಿನಲ್ಲಿನ ವಿವರಣೆ ಬೇರೆ. ಇವೆರಡನ್ನು ಜೋಡಿಸಲು ಒಂದು ಹೆಸರು ಸಾಕು. ಆ ಹೆಸರು ಕೂರುವ ಜಾಗವೇ ‘ಟರ್ಮ್’ ಎಂಬ ಪರಿಸರ ಚರ. ಎಲ್ಲ ಸುಖವೂ ಅಲ್ಲಿಂದ ಬಂತು, ಎಲ್ಲ ದುಃಖವೂ ಅಲ್ಲಿಂದಲೇ.

ಆ ಹೆಸರನ್ನು ಹೇಳುವವರು ಯಾರು? ತಂತಿಯಲ್ಲಿ ನೇರ ಜೋಡಿಸಿದ ಟರ್ಮಿನಲ್ಲಾದರೆ ಯಾವ ತಂತಿಗೆ ಯಾವ ಮಾದರಿ ಎಂದು ಒಂದು ಕಡತದಲ್ಲಿ ಬರೆದಿಡಬಹುದಿತ್ತು. ಮನೆಯಿಂದ ಫೋನ್ ಮೂಲಕ ಬಂದವರದು ಯಾವ ಯಂತ್ರವೋ ಹೇಗೆ ಗೊತ್ತು? ಅದಕ್ಕಾಗಿ ‘ಟಿಸೆಟ್’ ಎಂಬ ಆಜ್ಞೆ ಲಾಗಿನ್ ಹೊತ್ತಿನಲ್ಲಿ ನಿಮ್ಮನ್ನೇ ಕೇಳುತ್ತಿತ್ತು. ಉತ್ತರ ಸಿಗದಿದ್ದರೆ ವಿಐ ‘ನೀವು ಯಾವ ಬಗೆಯ ಟರ್ಮಿನಲ್ಲಿನಲ್ಲಿದ್ದೀರೋ ತಿಳಿಯದು’ ಎಂದು ತಿಳಿಸಿ, ಒಂದೇ ಸಾಲು ತೋರಿಸುವ ‘ಓಪನ್ ಮೋಡ್’ಗೆ ಇಳಿಯುತ್ತಿತ್ತು. ತಿಳಿಯದ್ದನ್ನು ತಿಳಿಯದು ಎಂದ ಆ ಸೂಚನೆಯಲ್ಲಿ ನನಗೆ ಒಂದು ಪ್ರಾಮಾಣಿಕತೆ ಕಾಣುತ್ತದೆ. ಮುಂದೆ ಟೆಲ್ನೆಟ್ಟಿಗೆ ಈ ಹೆಸರನ್ನು ದಾಟಿಸುವ ನಿಯಮ ಬಂತು. ಇಂದಿನ ಎಸ್‌ಎಸ್‌ಎಚ್ ಕೂಡ ಲಾಗಿನ್ ಹೊತ್ತಿನಲ್ಲಿ ಹೆಸರನ್ನು ದೂರದ ಯಂತ್ರಕ್ಕೆ ಒಯ್ಯುತ್ತದೆ. ಒಯ್ಯುವುದು ಹೆಸರನ್ನು ಮಾತ್ರ, ವಿವರಣೆಯನ್ನಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಟರ್ಮ್‌ಕ್ಯಾಪ್ ಕಡತ ಬೆಳೆಯುತ್ತ ಹೋದಂತೆ ಅದನ್ನು ಮೇಲಿನಿಂದ ಕೆಳಕ್ಕೆ ಓದುವುದು ನಿಧಾನವಾಯಿತು. ಮಾರ್ಕ್ ಹಾರ್ಟನ್ 1980ರ ದಶಕದ ಮೊದಲಲ್ಲಿ ಟರ್ಮ್‌ಇನ್ಫೋ ರೂಪಿಸಿದರು. ಇದರಲ್ಲಿ ಪ್ರತಿ ಟರ್ಮಿನಲ್ಲಿಗೂ ಕಂಪೈಲ್ ಮಾಡಿದ ಪ್ರತ್ಯೇಕ ಕಡತ. ಎಟಿ ಆ್ಯಂಡ್ ಟಿಯ ಸಿಸ್ಟಮ್ ಫೈವ್ ಅದನ್ನು ಅಳವಡಿಸಿಕೊಂಡಿತು. ಪವೆಲ್ ಕರ್ಟಿಸ್ ಅದರ ಮುಕ್ತ ಆವೃತ್ತಿ ಬರೆದರು. ಅದರಿಂದ 1993ರಲ್ಲಿ ಎನ್‌ಕರ್ಸಸ್ ಬೆಳೆಯಿತು. ಥಾಮಸ್ ಡಿಕಿ ದಶಕಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅವರು ಕಾಪಾಡಿರುವ ವಿವರಣೆಗಳ ಪಟ್ಟಿಯಲ್ಲಿ ಯಾವಾಗಲೋ ಗುಜರಿಗೆ ಹೋದ ಯಂತ್ರಗಳೂ ಹೆಸರು ಉಳಿಸಿಕೊಂಡಿವೆ. ಕಂಪ್ಯೂಟರ್ ಚರಿತ್ರೆ ಬರೆಯುವವರು ಓದಲೇಬೇಕಾದ ಆಕರ ಅದು.

ಯಂತ್ರಗಳು ಹೋಗಿ ಅವುಗಳ ಅನುಕರಣೆಗಳು ಬಂದಾಗ ಕಾಯಿಲೆಯ ಲಕ್ಷಣ ಬದಲಾಯಿತು. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ವಿಟಿ100ರ ಹಾಗೆ ನಡೆದುಕೊಳ್ಳುವ ಕಿಟಕಿ. ಅದರ ನಂತರ ಬಂದವುಗಳಲ್ಲಿ ಬಹಳಷ್ಟು ತಮ್ಮನ್ನೂ ‘ಎಕ್ಸ್‌ಟರ್ಮ್’ ಎಂದೇ ಕರೆದುಕೊಂಡವು, ನಡತೆ ಪೂರ್ತಿ ಹಾಗಿಲ್ಲದಿದ್ದರೂ. ಮೊದಲು ಹೆಸರೇ ತಿಳಿಯದೆ ತೊಂದರೆಯಾಗುತ್ತಿತ್ತು. ಈಗ ಸುಳ್ಳು ಹೆಸರಿನಿಂದ ಆಗತೊಡಗಿತು. ಬ್ಯಾಕ್‌ಸ್ಪೇಸ್ ಜಗಳ ಆಗಿನದು. ಆ ಕೀಲಿ ಒಂದು ಕಡೆ ಸಂಕೇತ 8 ಕಳಿಸಿದರೆ ಇನ್ನೊಂದು ಕಡೆ 127 ಕಳಿಸುತ್ತಿತ್ತು. 8 ಎಂದರೆ ಕಂಟ್ರೋಲ್-ಎಚ್; ಈಮ್ಯಾಕ್ಸಿನಲ್ಲಿ ಅದು ಸಹಾಯ ಕೇಳುವ ಕೀಲಿ. ಅಳಿಸಲು ಹೋದವರ ಮುಂದೆ ಸಹಾಯದ ಸೂಚನೆ ಬಂದು ನಿಲ್ಲುತ್ತಿತ್ತು. ಡೆಬಿಯನ್ ಕೊನೆಗೆ ಬ್ಯಾಕ್‌ಸ್ಪೇಸ್ ಎಂದರೆ 127 ಎಂದು ನಿಯಮವನ್ನೇ ಮಾಡಬೇಕಾಯಿತು.

ಸ್ಕ್ರೀನ್ ಮತ್ತು ಟಿಮಕ್ಸ್ ಬಳಸುವವರಿಗೆ ಇನ್ನೊಂದು ಪದರ. ಇವು ನಿಮ್ಮ ನಿಜವಾದ ಟರ್ಮಿನಲ್ಲಿಗೂ ಎಡಿಟರಿಗೂ ನಡುವೆ ಕೂತು ತಾವೇ ಟರ್ಮಿನಲ್ ಆಗುತ್ತವೆ. ಒಳಗಿನ ಹೆಸರು ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಎಂದೇ ಇರಬೇಕು. ಯಾರೋ ಹೇಳಿದರೆಂದು ಶೆಲ್ಲಿನ ಬ್ಯಾಷ್‌ಆರ್‌ಸಿ ಕಡತದಲ್ಲಿ ‘ಟರ್ಮ್’ಗೆ ‘ಎಕ್ಸ್‌ಟರ್ಮ್-256ಕಲರ್’ ಎಂದು ಬರೆದಿಟ್ಟರೆ ಬಣ್ಣ ಬರುತ್ತದೆ ನಿಜ, ಆದರೆ ಹೋಮ್ ಮತ್ತು ಎಂಡ್ ಕೀಲಿಗಳು ಕೈಕೊಡಬಹುದು, ವಿಮ್‌ನ ಹಿನ್ನೆಲೆ ಬಣ್ಣ ಸಾಲಿನ ನಡುವೆಯೇ ನಿಂತುಬಿಡಬಹುದು. ನಾನೂ ವರ್ಷಗಟ್ಟಲೆ ಆ ಸಾಲನ್ನು ಇಟ್ಟುಕೊಂಡಿದ್ದೆ. ತೆಗೆದ ಮೇಲೆ ತೊಂದರೆ ತಾನಾಗಿ ಹೋಯಿತು.

ಈಚಿನ ಟರ್ಮಿನಲ್ಲುಗಳಾದ ಕಿಟ್ಟಿ, ಅಲಾಕ್ರಿಟಿ, ಘೋಸ್ಟಿ ತಮ್ಮದೇ ಹೆಸರು ಹೇಳುತ್ತವೆ. ಇದು ಸರಿಯಾದ ದಾರಿ. ಆದರೆ ದೂರದ ಹಳೆಯ ಸರ್ವರಿನಲ್ಲಿ ಆ ಹೆಸರಿನ ವಿವರಣೆ ಇರುವುದಿಲ್ಲ. ಎಡಿಟರ್ ‘ಗೊತ್ತಿಲ್ಲದ ಟರ್ಮಿನಲ್’ ಎನ್ನುತ್ತದೆ. ಆಗ ಹೆಸರನ್ನು ಬದಲಿಸಬೇಡಿ, ವಿವರಣೆಯನ್ನು ಒಯ್ಯಿರಿ. ನಿಮ್ಮ ಯಂತ್ರದಲ್ಲಿ ‘ಇನ್ಫೋಕಂಪ್’ ಆಜ್ಞೆ ವಿವರಣೆಯನ್ನು ಪಠ್ಯವಾಗಿ ಕೊಡುತ್ತದೆ. ಅದನ್ನು ಎಸ್‌ಎಸ್‌ಎಚ್ ಮೂಲಕ ಸರ್ವರಿನ ‘ಟಿಕ್’ ಆಜ್ಞೆಗೆ ಹಾಯಿಸಿದರೆ ಅದು ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಕಂಪೈಲ್ ಆಗಿ ಕೂರುತ್ತದೆ. ಅಡ್ಮಿನ್ ಅನುಮತಿಯೂ ಬೇಡ.

ಬೇರೆ ತೊಂದರೆಗಳಲ್ಲೂ ಮೊದಲು ಹೆಸರು ನೋಡಿ, ಆ ಹೆಸರಿಗೆ ವಿವರಣೆ ಇದೆಯೇ ಎಂದು ಇನ್ಫೋಕಂಪ್‌ನಿಂದ ತಿಳಿಯಿರಿ. ಆಮೇಲೆ ಶೆಲ್ಲಿನಲ್ಲಿ ಕಂಟ್ರೋಲ್-ವಿ ಒತ್ತಿ ಹಟ ಮಾಡುವ ಕೀಲಿ ಒತ್ತಿ. ಅದು ನಿಜವಾಗಿ ಏನು ಕಳಿಸುತ್ತದೆಂದು ಕಣ್ಣಿಗೇ ಕಾಣುತ್ತದೆ. ಒಂದು ಎಚ್ಚರ: ಬಾಣದ ಕೀಲಿಗಳು ಶೆಲ್ಲಿನಲ್ಲಿ ‘ಓ’ ಬದಲು ಚೌಕ ಆವರಣ ಕಳಿಸಬಹುದು; ಎಡಿಟರ್ ತೆರೆದಾಗ ಟರ್ಮಿನಲ್ ಬೇರೆ ಸ್ಥಿತಿಗೆ ಹೋಗುತ್ತದೆ. ಅಳಿಸುವ ಕೀಲಿಯದೋ ಪರದೆಯ ಅಳತೆಯದೋ ತಕರಾರಾದರೆ ‘ಎಸ್‌ಟಿಟಿವೈ’ ನೋಡಿ, ಅದಕ್ಕೂ ಟರ್ಮ್‌ಇನ್ಫೋಗೂ ಸಂಬಂಧವಿಲ್ಲ.

ಕನ್ನಡ ಬರೆಯುವವರಿಗೆ ಇಷ್ಟರಿಂದ ಮುಗಿಯುವುದಿಲ್ಲ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ 6 ಸಂಕೇತ. ಅದು ಪರದೆಯ ಎಷ್ಟು ಚೌಕ ತುಂಬುತ್ತದೆ ಎಂಬುದನ್ನು ಎಡಿಟರ್ ಒಂದು ಲೆಕ್ಕದಲ್ಲಿ, ಟರ್ಮಿನಲ್ ಇನ್ನೊಂದು ಲೆಕ್ಕದಲ್ಲಿ ಎಣಿಸಿದರೆ ಕರ್ಸರ್ ಅಕ್ಷರದ ಮೇಲೆ ನಿಲ್ಲುವುದಿಲ್ಲ, ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ. ಟರ್ಮ್‌ಇನ್ಫೋದಲ್ಲಿ ಇದನ್ನು ಹೇಳಲು ಜಾಗವೇ ಇಲ್ಲ. ಅದು ಹುಟ್ಟಿದ ಕಾಲದ ಯಂತ್ರಗಳಿಗೆ ಒಂದು ಚೌಕ ಎಂದರೆ ಒಂದು ಅಕ್ಷರ. ಈ ಕೊರತೆ ನಮ್ಮ ಭಾಷೆಗಳ ಮೇಲೇ ಹೆಚ್ಚು ಭಾರ ಹಾಕುತ್ತದೆ. ಟರ್ಮಿನಲ್ ಬರೆಯುವ ಕನ್ನಡಿಗ ಪ್ರೋಗ್ರಾಮರುಗಳು ಇದನ್ನು ಕೈಗೆತ್ತಿಕೊಳ್ಳಬೇಕು.

ಉಳಿದವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಬ್ಯಾಷ್‌ಆರ್‌ಸಿ ತೆರೆದು ನೋಡಿ. ಅದರಲ್ಲಿ ‘ಟರ್ಮ್’ಗೆ ಬೆಲೆ ಕೊಡುವ ಸಾಲಿದ್ದರೆ ಅಳಿಸಿಬಿಡಿ.